ಹನಿಗೆ ಹನ್ನೆರಡು ಪೈಸೆ

ಮೂವತ್ತೊಂದು ವರ್ಷ ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದವನು,
ಕೈ ಇನ್ನೂ ಬಿಟ್ಟಿಲ್ಲ ಆ ಚಟ:
ಬಿಲ್ಲು ಬಂದೊಡನೆ ಅದರ ಬೆನ್ನಿಗೆ ಪೆನ್ನು.

ಮುನ್ನೂರ ಮೂವತ್ತು ಮಿಲಿಗೆ ಏಳುನೂರ ಎಂಬತ್ತು.
ಮಿಲಿಗೆ ಇಪ್ಪತ್ತು ಹನಿ ಎಂದಿಟ್ಟುಕೊಂಡರೆ
ಹನಿಗೆ ಹನ್ನೆರಡು ಪೈಸೆ,
ತುಟಿಗಂಟಿದ್ದು, ಮೀಸೆಗೆ ಹೋದದ್ದು,
ಅಂತೋಣಪ್ಪ ನಕ್ಕಾಗ ಮೇಜಿಗೆ ಸಿಡಿದದ್ದು
ಎಲ್ಲ ಸೇರಿ.

"ಲೇ, ಇದು ಸನ್ಯಾಸಿಗಳು ಮಠದಲ್ಲಿ ಕಾಸಿದ್ದು.
ಗಂಟೆ ಹೊಡೆದಾಗ ಪ್ರಾರ್ಥನೆ, ಇಲ್ಲದಾಗ ಇದು.
ಕುಡಿದರೆ ಅರ್ಧವೇ ಪಾಪ" ಅಂದಿದ್ದ ಅಂತೋಣಪ್ಪ,
ಬೇಗೂರಿನ ಚರ್ಚಿನಲ್ಲಿ ಕ್ರಿಸ್‌ಮಸ್ಸಿಗೆ ತಬಲ ನುಡಿಸುವವನು.
ಇನ್ನರ್ಧಕ್ಕೆ ಸುಂಕ ಕಟ್ಟಿದ್ದೀವಲ್ಲ, ಬಿಡು ಅಂದೆ.

ಇಂದಿರಾನಗರ. ಮೂರನೇ ಮಹಡಿ.
ಕೆಳಗೆ ನೂರಡಿ ರಸ್ತೆ
ಕೆಂಪು ದೀಪಗಳ ಸರ ಹಾಕಿಕೊಂಡು ನಿಂತಲ್ಲೇ ನಿಂತಿದೆ.
ಗಾಜಿನಾಚೆ ತಾಮ್ರದ ಹಂಡೆಗಳು,
ನಮ್ಮ ಬಚ್ಚಲ ಹಂಡೆಯ ಶ್ರೀಮಂತ ಷಡ್ಡಕರು.

ಮೊದಲು ಆ ಹಂಡೆಯದನ್ನೇ ತರಿಸಿದೆವು:
ಗೋಧಿಯದು, ಮೋಡ ಕವಿದ ಬಣ್ಣ,
ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ.
ಕೊತ್ತಂಬರಿ ಬೀಜಕ್ಕೂ ನಾನೂರಾ ಅಂತ ಅಂತೋಣಪ್ಪ.
ಆದರೆ ಹಿತವಾಗಿತ್ತು. ಸುಳ್ಳು ಹೇಳಬಾರದು.
ಇನ್ನೊಂದು, ಹಾಪ್ ಸುರಿದು ಮಾಡಿದ್ದು,
ಹಾಗಲಕಾಯಿಯನ್ನು ಸೋಲಿಸಲೆಂದೇ ಹುಟ್ಟಿದ್ದು.

ಆಮೇಲೆ ಈ ಬೆಲ್ಜಿಯಂ ಬಾಟ್ಲಿ.
ತಂದ ಹುಡುಗ ತೊಂಗಾಂಬ, ಇಂಫಾಲದವನು,
ಗ್ಲಾಸು ಓರೆ ಹಿಡಿದು
ತೀರ್ಥ ಕೊಡುವಷ್ಟು ನಿಧಾನ ಸುರಿದ.
ತಳದಲ್ಲಿ ಒಂದಿಷ್ಟು ಮಡ್ಡಿ ಉಳಿಸಿದ.
"ಹುದುಗು ಸಾರ್. ಬೇಕಂದ್ರೆ ಹಾಕ್ತೀನಿ."
ಹಾಕಪ್ಪ, ಅದಕ್ಕೂ ಕಾಸು ಬಿದ್ದಿದೆ.

ಬಣ್ಣ: ಜೋನಿ ಬೆಲ್ಲ.
ವಾಸನೆ: ಒಣದ್ರಾಕ್ಷಿ, ಲವಂಗ,
ಬುಟ್ಟಿಯ ತಳದಲ್ಲಿ ಕಪ್ಪಾದ ಏಲಕ್ಕಿ ಬಾಳೆ.
ರುಚಿ:
ಇಲ್ಲಿ ಪೆನ್ನು ನಿಂತಿತು.
ಇಲಾಖೆಯಲ್ಲಿ ಇದಕ್ಕೆ ಬಟ್ಟು ಕೊಟ್ಟಿರಲಿಲ್ಲ.

ಮೇಲೆ ನೊರೆ. ಎರಡು ಬೆರಳು.
ಕೈ ತಾನಾಗಿ ಅಳೆಯಿತು,
ಅಳೆದೊಡನೆ ಎದುರು ಬಂದು ನಿಂತ
ಹಲಸೂರಿನ ಹಾಲು ಪಿಳ್ಳಪ್ಪ.
ಎತ್ತರದಿಂದ ಸುರಿದು ನೊರೆ ಎಬ್ಬಿಸಿ
ಅರ್ಧ ಲೀಟರು ತುಂಬಿತು ನೋಡಿ ಅನ್ನುತ್ತಿದ್ದವನು.
ನೊರೆ ಇಳಿಯುವವರೆಗೂ ನಾನು ಬಿಸಿಲಲ್ಲಿ ಕಾದೆ.
ಅರವತ್ತು ಮಿಲಿ ಕಮ್ಮಿ. ಕೇಸು ಬರೆದೆ.
"ನೊರೇನೂ ಹಾಲೇ ಅಲ್ವಾ ಸಾಮಿ?"
ನೂರು ರೂಪಾಯಿ ದಂಡ,
ಎಂಬತ್ತೇಳನೇ ಇಸವಿಯ ನೂರು.

ಇಲ್ಲಿ ನೊರೆ ಕಮ್ಮಿಯಾದರೆ ವಾಪಸ್ಸು ಕಳಿಸುತ್ತಾರಂತೆ.

ಸರಿ, ಕಾಸಿಗೆ ತಕ್ಕ ಕಜ್ಜಾಯವೇ ಇದು?
ಮೊದಲ ಮೂರು ಗುಟುಕು, ಹೌದು,
ಇನ್ನೂ ಹತ್ತು ರೂಪಾಯಿ ಮೇಲೆ ಇಡಬಹುದಿತ್ತು.
ನಾಲ್ಕನೆಯದಕ್ಕೆ ನಾಲಗೆ
ಬಸ್ಸಿನಲ್ಲಿ ದಿನಾ ಸಿಗುವವನನ್ನು ಕಂಡಂತೆ ಸುಮ್ಮನಾಯಿತು.
ಅಲ್ಲಿಂದಾಚೆ ಕುಡಿದದ್ದು ಹಡಗಿನ ಬಾಡಿಗೆ,
ಬಂದರಿನ ಸುಂಕ, ಸರ್ಕಾರದ ಪಾಲು,
ಮೂರನೇ ಮಹಡಿಯಿಂದ ಕಾಣುವ ಟ್ರಾಫಿಕ್ಕು.

ಪೆನ್ಷನ್ನಿನ ಮೊದಲ ವಾರ, ಅದಕ್ಕೆ ಈ ಮೇಜು.
ಕೊನೆಯ ವಾರವಾದರೆ ತಿಪ್ಪಸಂದ್ರದ ನಿಂತು ಕುಡಿಯುವ ಅಂಗಡಿ:
ಇನ್ನೂರಕ್ಕೆ ದೊಡ್ಡ ಬಾಟ್ಲಿ,
ಕಡ್ಲೆಬೀಜದ ಮೇಲೆ ಈರುಳ್ಳಿ ಬಿಟ್ಟಿ.
ರುಚಿ ಯಾರೂ ಕೇಳುವುದಿಲ್ಲ, ತಣ್ಣಗಿದ್ದರೆ ಸಾಕು.
ಅಲ್ಲೂ ಇಷ್ಟೇ ನಕ್ಕಿದ್ದೇವೆ.
ಬಹುಶಃ ಸ್ವಲ್ಪ ಜಾಸ್ತಿ.

ಖಾಲಿ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ.
ಬೆಳಿಗ್ಗೆ ಹಳೇ ಪೇಪರಿನವನು
ಎತ್ತಿ, ತಿರುಗಿಸಿ, ಮಠದ ಮುದ್ರೆ ನೋಡಿ,
"ಯಾವ್ದಾದ್ರೂ ಒಂದೇ ಸಾರ್, ಎರಡು ರೂಪಾಯಿ" ಅಂದ.
ಪೇಪರು ತೂಗಿದ.
ಮುಳ್ಳು ಅರ್ಧ ಅಂಗುಲ ಅವನ ಪರ ವಾಲಿತ್ತು.
ನೋಡಿದೆ.
ಬಾಯಲ್ಲಿ ಇನ್ನೂ ಎಲ್ಲೋ ಒಂದು ಚೂರು ಲವಂಗ.
ಏನೂ ಅನ್ನಲಿಲ್ಲ.